ಫೇಲಾಗದ ಟೆಸ್ಟನ್ನು ನಂಬಬೇಡ, ತಮಾ

ಮಂಜಗುಣಿಯಿಂದ ಬೆಂಗಳೂರಿಗೆ ಹೋಗಿ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಕೋಡ್ ಬರೆಯುವ ಕೆಲಸ ಹಿಡಿದಿದ್ದೀಯ. ಕೈ ಚುರುಕು, ತಲೆ ಅದಕ್ಕಿಂತ ಚುರುಕು. ತಾಳ್ಮೆ ಮಾತ್ರ ತುಸು ತುಟ್ಟಿ. ಕೋಡ್ ಬರೆದದ್ದೇ ತಡ, ಒಳಗೆ ಸೇರಿಸುವ ಅವಸರ. ಟೆಸ್ಟ್ ಬರಿ ಅಂದರೆ ಮುಖ ಸಪ್ಪೆ. ಇದೇ ಕಸುಬಿನಲ್ಲಿ ತಲೆ ನರೆಸಿಕೊಂಡವನು ಹೇಳ್ತೇನೆ, ಕೇಳು.

2024ರ ಜುಲೈ 16ಕ್ಕೆ ಶಿರೂರಿನ ಗುಡ್ಡ ಕುಸಿದು ಗಂಗಾವಳಿ ದಂಡೆಯೆಲ್ಲ ಕಂಗಾಲಾಗಿತ್ತಲ್ಲ, ಅದಾಗಿ ಮೂರನೇ ದಿನ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಇದಕ್ಕೆ ಕಾರಣ. ಅಲ್ಲಿ 21 ಮಾಹಿತಿ ಬರಬೇಕೆಂದು ಗೊತ್ತುಮಾಡಿದ್ದರು. ಕೋಡ್ ಕೊಡುತ್ತಿದ್ದದ್ದು 20. ಟೆಸ್ಟ್ ಇರಲಿಲ್ಲವೆ? ಇತ್ತು, ಪಾಸೂ ಆಗಿತ್ತು. ಆದರೆ 21ನೇ ಜಾಗಕ್ಕೆ ‘ಏನಿದ್ದರೂ ನಡೆದೀತು’ ಎಂಬ ಗುರುತು ಹಾಕಿ ಟೆಸ್ಟ್ ಮಾಡಿದ್ದರು. ಹಾಗಾಗಿ ಆ ಜಾಗವನ್ನು ಅದು ಮುಟ್ಟಿಯೇ ನೋಡಲಿಲ್ಲ. ಮುಟ್ಟಿ ನೋಡುವ ಮೊದಲ ಅಪ್‌ಡೇಟ್ ಹೋದ ದಿನವೇ ಯಂತ್ರಗಳು ಮಲಗಿದವು.

ಅದಕ್ಕೇ ಹೇಳೋದು, ಟೆಸ್ಟ್ ಪಾಸಾಗಿ ಹಸಿರು ಕಂಡ ಕೂಡಲೇ ಹಿಗ್ಗಬೇಡ. ಹೊಸ ಟೆಸ್ಟ್ ಬರೆದೆಯಾ? ಕೋಡನ್ನು ಬೇಕೆಂದೇ ಒಮ್ಮೆ ಕೆಡಿಸು. ಕೂಡಿಸುವಲ್ಲಿ ಕಳೆ, 20 ಇದ್ದಲ್ಲಿ 19 ಮಾಡು. ಟೆಸ್ಟ್ ಕೆಂಪಾಯಿತೋ, ಅದು ಕೆಲಸಕ್ಕೆ ಬಂತು. ಆಗಲೂ ಹಸಿರೇ ಇದ್ದರೆ ಅದು ಬರೀ ಅಲಂಕಾರ. ಬಗ್ ಸಿಕ್ಕಿದಾಗಲೂ ಇದೇ ಕ್ರಮ: ಮೊದಲು ಬಗ್ ತೋರಿಸುವ ಟೆಸ್ಟ್, ಆಮೇಲೆ ರಿಪೇರಿ.

ಇನ್ನು ಜೋಡಣೆಯ ಮಾತು. ಎಲ್ಲ ಟೆಸ್ಟುಗಳನ್ನೂ ಒಂದೇ ರಾಶಿ ಹಾಕಬೇಡ. ಲಿನಕ್ಸ್ ಕರ್ನಲ್‌ನವರನ್ನೇ ನೋಡು. 2020ರ ಜನವರಿಯಲ್ಲಿ ಬಂದ 5.5ನೇ ಆವೃತ್ತಿಯಿಂದ ಅವರಲ್ಲಿ ಕೆಯೂನಿಟ್ ಇದೆ. ಒಂದೊಂದೇ ಫಂಕ್ಷನ್ ಪರೀಕ್ಷೆಗೆ ಅದು. ಬೇರೆ ಯಂತ್ರ ಬೂಟ್ ಮಾಡಬೇಕೆಂದೂ ಇಲ್ಲ. ಓಡುತ್ತಿರುವ ಕರ್ನಲನ್ನು ಹೊರಗಿಂದ ತಟ್ಟಿ ನೋಡಲು ಕೆಸೆಲ್ಫ್‌ಟೆಸ್ಟ್ ಬೇರೆ. ನೀನೂ ಹಾಗೇ ಮಾಡು. ಚಿಕ್ಕವು ಪ್ರತಿ ಪ್ಯಾಚಿಗೂ ಓಡಲಿ, ಚಹಾ ಆರುವುದರೊಳಗೆ ಮುಗಿಯಲಿ. ಹೊತ್ತು ತಿನ್ನುವ ದೊಡ್ಡವು ರಾತ್ರಿ ಓಡಲಿ. ಬೆಳಿಗ್ಗೆ ಬಂದವನು ಮೊದಲು ಅದರ ಫಲಿತಾಂಶ ನೋಡಲಿ, ಮೊಬೈಲ್ ಆಮೇಲೆ.

ದಿನಾ ಓಡಿಸೋದು ಯಾಕೆ ಅಂತೀಯಾ? ಉಪ್ಪುನೀರು ತಡೆಯುವ ಗಜನಿ ಗದ್ದೆಯ ಒಡ್ಡಿಗೆ ಏಡಿ ಕೊರೆದ ತೂತನ್ನು ಇಳಿತದಲ್ಲೇ ಕಂಡರೆ ಒಂದು ಹೆಡಿಗೆ ಮಣ್ಣು ಸಾಕು. ಭರತ ಏರಿದ ಮೇಲೆ ಕಂಡರೆ ಗದ್ದೆಯೆಲ್ಲ ಉಪ್ಪು. ನಿನ್ನೆಯ ಪ್ಯಾಚಿನ ತಪ್ಪನ್ನು ಇವತ್ತು ಹಿಡಿಯೋದು ಸುಲಭ. ತಿಂಗಳು ಕಳೆದರೆ ನೂರಾರು ಪ್ಯಾಚು ಕೆದಕಬೇಕು.

ಒಮ್ಮೆ ಪಾಸು, ಒಮ್ಮೆ ಫೇಲು ಆಗುವ ಟೆಸ್ಟ್ ಇದೆಯಲ್ಲ, ಅದು ಮನೆಹಾಳು. ‘ಇನ್ನೊಮ್ಮೆ ಓಡಿಸಿ, ಪಾಸಾಗುತ್ತೆ’ ಅನ್ನೋದು ನಿನ್ನ ವಯಸ್ಸಿನವರ ಮಂತ್ರ. ಆ ಮಂತ್ರ ಬಿಡು. ಎರಡು ಸೆಕೆಂಡ್ ಸುಮ್ಮನೆ ಕಾಯುವ ಸಾಲು ಎಲ್ಲಿದೆ ಹುಡುಕು. ಕೆಲಸ ಮುಗಿದ ಸೂಚನೆ ಬರುವವರೆಗೆ ಕಾಯುವಂತೆ ಮಾಡು. ಹಿಂದಿನ ಟೆಸ್ಟ್ ಬಿಟ್ಟುಹೋದ ಫೈಲ್, ಎರಡು ಟೆಸ್ಟುಗಳು ಒಟ್ಟಿಗೆ ಹಿಡಿದ ಒಂದೇ ಪೋರ್ಟ್, ಇವನ್ನೂ ನೋಡು. ತಕ್ಷಣ ಸರಿಹೋಗದಿದ್ದರೆ ಬೇರೆ ಪಟ್ಟಿಗೆ ಸೇರಿಸಿ, ಒಬ್ಬರ ಹೆಸರಿಗೆ ಹಚ್ಚು. ಸುಳ್ಳು ಕೂಗು ದಿನಾ ಕೇಳಿದವರು ನಿಜವಾದ ಕೂಗಿಗೂ ಏಳೋದಿಲ್ಲ.

ಕಡೆಯದೊಂದು. ಫೇಲಾದಾಗ ‘ತಪ್ಪಾಯಿತು’ ಅಂತಷ್ಟೇ ಬರೆಸಬೇಡ. ಏನು ಬರಬೇಕಿತ್ತು, ಏನು ಬಂತು, ಎರಡೂ ಅಚ್ಚಾಗಲಿ. ಮಧ್ಯರಾತ್ರಿ ಅದನ್ನು ಓದುವವರು ನಿನ್ನಂಥವರೇ.

ಕೋಡ್ ಬರೆಯುವ ಬುದ್ಧಿ ನಿನಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ಪರೀಕ್ಷೆಗೆ ಒಡ್ಡುವ ಧೈರ್ಯವೂ ಬರಲಿ. ನಾಳೆ ಕಳಿಸುವ ಪ್ಯಾಚಿನ ಜೊತೆ ಒಂದು ಟೆಸ್ಟ್ ಇರಲಿ. ಕಳಿಸುವ ಮೊದಲು ಅದನ್ನು ಒಮ್ಮೆಯಾದರೂ ಫೇಲ್ ಮಾಡಿಸಿ ನೋಡು.