ಕೂರಿಗೆ ಮಾಡಿಸುವಾಗ ಕೊನೆಯ ಕಂತು ನಮ್ಮ ಕೈಯಲ್ಲಿರಲಿ

ಮರಿಯಮ್ಮನಹಳ್ಳಿ ಸುತ್ತಿನ ನಾವು ಒಣಬೇಸಾಯದವರು. ತುಂಗಭದ್ರಾ ಹಿನ್ನೀರು ಕಣ್ಣಿಗೆ ಕಾಣ್ತದೆ, ಹೊಲಕ್ಕೆ ಏರೋದಿಲ್ಲ. ಹೊಸಪೇಟೆ, ಕಂಪ್ಲಿ ಕಡೆ ಕಾಲುವೆ ನೀರಿನ ರೈತರಿಗೆ ಒಂದು ಸಲಕರಣೆ ಎಂಟು ದಿನ ತಡವಾಗಿ ಬಂದರೆ ನಾಟಿ ಎಂಟು ದಿನ ಮುಂದೆ ಹೋದೀತು. ನಮಗೆ ಹಾಗಲ್ಲ. ಮಸಾರಿ ಭೂಮಿಯಲ್ಲಿ ಒಂದು ಹದ ಮಳೆ ಬಿದ್ದರೆ ಬಿತ್ತಲು ಸಿಗುವುದು ಮೂರೋ ನಾಲ್ಕೋ ದಿನ. ಬಿಸಿಲು ಬಿತ್ತೆಂದರೆ ಹಸಿ ಕೆಳಗೆ ಇಳೀತದೆ. ಆ ದಿನ ಕೂರಿಗೆ ವರ್ಕ್‌ಶಾಪಿನಲ್ಲಿ ಬಿದ್ದಿದ್ದರೆ ನಾವು ಕಳೆದುಕೊಂಡದ್ದು ಬರೀ ಕೂರಿಗೆಯಲ್ಲ, ಹಂಗಾಮನ್ನೇ.

ನನಗಾದ ಅನುಭವ ಹೇಳಿದರೆ ವಿಷಯ ಸ್ಪಷ್ಟವಾಗ್ತದೆ. ಅಂಗಡಿಯ ಹೆಸರು ಬೇಡ. ಯುಗಾದಿ ಮುಗಿದ ಮೇಲೆ ಎತ್ತಿನ ನಾಲ್ಕು ತಾಳಿನ ಕಬ್ಬಿಣದ ಕೂರಿಗೆ ಹೇಳಿದ್ದೆ. ತಾಳಿನಿಂದ ತಾಳಿಗೆ 18 ಅಂಗುಲ ಅಂತ ಕಡ್ಡಿ ಮುರಿದು ಅಳತೆಯನ್ನೂ ಕೊಟ್ಟಿದ್ದೆ. ಮಾತಾಡಿದ್ದು 12,000 ರೂಪಾಯಿ, ಮುಂಗಡ 9,000. ರೋಹಿಣಿ ಮಳೆಗೆ ಕೊಡ್ತೀನಿ ಅಂದವರು ಮೃಗಶಿರಾ ಕಳೆದರೂ ಕೊಡಲಿಲ್ಲ. ಹೋದಾಗೆಲ್ಲ ಒಂದೇ ಮಾತು: "ನಾಳೆ ಬರ್ರಿ ಗೌಡ್ರೆ, ನಿಮ್ದೇ ಹಿಡಿದೀನಿ." ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಕೈಗೆ ಬಂದಾಗ ಆರಿದ್ರ ಮುಗೀತಾ ಬಂದಿತ್ತು, ಅಂತರ 16 ಅಂಗುಲ ಇತ್ತು. ಕೇಳಿದರೆ, "ಎರಡು ಅಂಗುಲದಾಗ ಏನ್ ಹೋತ್ರಿ?" ಅಂದರು.

ಏನು ಹೋಗ್ತದೆ ನೋಡಿ. ನಮ್ಮ ಎಡೆಕುಂಟೆಯ ಕುಡ 12 ಅಂಗುಲ. 18 ಅಂಗುಲದ ಸಾಲಿನಲ್ಲಿ ಎರಡು ಬದಿಗೂ ಮೂರು ಮೂರು ಅಂಗುಲ ಉಳೀತದೆ. 16ರಲ್ಲಿ ಎರಡೆರಡೇ. ಎತ್ತು ಸ್ವಲ್ಪ ವಾಲಿದರೂ ಕುಡ ಪೈರಿನ ಬುಡ ಸವರ್ತದೆ. ಒಂದು ಕೂರಿಗೆ ತಪ್ಪಿದರೆ ಮನೆಯಲ್ಲಿರೋ ಎಡೆಕುಂಟೆಯೂ ಕೆಲಸಕ್ಕೆ ಬಾರದು.

ತಡ ಯಾಕಾಗ್ತದೆ?

ಮಾಡುವವರು ಎಲ್ಲರೂ ಮೋಸಗಾರರಲ್ಲ. ಲೆಕ್ಕ ಹಾಕಿದರೆ ಕಾರಣ ತಿಳೀತದೆ. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಬ್ಬರು ಕೆಲಸಗಾರರು, ಒಂದು ಕೂರಿಗೆಗೆ ಮೂರು ದಿನ ಅಂತ ಇಟ್ಟುಕೊಳ್ಳಿ. ನಾವು ರೈತರು ಎಲ್ಲರೂ ಮೇ ತಿಂಗಳಲ್ಲೇ ಓಡಿ ಹೋಗ್ತೀವಿ. ಇಪ್ಪತ್ತು ಮಂದಿ ಮುಂಗಡ ಕೊಟ್ಟರೆ ಅದು ಅರವತ್ತು ದಿನದ ಕೆಲಸ. ಇಪ್ಪತ್ತನೆಯವನಿಗೆ ಜುಲೈ ಬಂತು. ಆದರೆ ಬಂದ ಗಿರಾಕಿಯನ್ನು ಬಿಡಲು ಯಾರಿಗೂ ಮನಸ್ಸಾಗೋದಿಲ್ಲ, ಎಲ್ಲರಿಗೂ "ಎಂಟು ದಿನದಾಗ" ಅಂತಾರೆ. ನಿಮ್ಮ ಮುಂಗಡದಿಂದ ಹಿಂದಿನವನ ಕೂರಿಗೆಗೆ ಕಬ್ಬಿಣ ಬರ್ತದೆ, ನಿಮ್ಮ ಕಬ್ಬಿಣಕ್ಕೆ ಮುಂದಿನವನ ಮುಂಗಡ ಬರಬೇಕು.

ಮುಕ್ಕಾಲು ಪಾಲು ದುಡ್ಡು ಮೊದಲೇ ಬಂದ ಮೇಲೆ ನಮ್ಮ ಕೆಲಸಕ್ಕೆ ಅವಸರ ಇರೋದಿಲ್ಲ. ಯಾರು ಇನ್ನೂ ದುಡ್ಡು ಕೊಡಬೇಕೋ ಅವನ ಕೆಲಸ ಮೊದಲು ಆಗ್ತದೆ. ಇದು ಮನುಷ್ಯ ಸ್ವಭಾವ.

ಹಿಂದಿನ ಆಯ ಹೇಗಿತ್ತು?

ನಮ್ಮ ಹಿರಿಯರ ಕಾಲದಲ್ಲಿ ಬಡಿಗೇರರಿಗೆ, ಕಮ್ಮಾರರಿಗೆ ವರ್ಷಕ್ಕೆ ಆಯ ಇತ್ತು. ಕೂರಿಗೆ, ಕುಂಟೆ, ನೇಗಿಲು ಸರಿ ಮಾಡಿಕೊಡೋರು, ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಒಯ್ಯೋರು. ಆ ಪದ್ಧತಿಯಲ್ಲಿ ಕೆಟ್ಟದ್ದೂ ಇತ್ತು. ಕೆಲಸ ವರ್ಷವೆಲ್ಲ, ಕಾಳು ಒಮ್ಮೆ, ಬರಗಾಲದಲ್ಲಿ ಅದೂ ಇಲ್ಲ. ಅದು ತಿರುಗಿ ಬರಲಿ ಅಂತ ನಾನು ಹೇಳೋದಿಲ್ಲ. ಆದರೆ ಅದರಲ್ಲಿ ಒಂದು ಗುಟ್ಟಿತ್ತು: ಕೂರಿಗೆ ಸರಿಯಾಗಿ ಬಿತ್ತಿ ಬೆಳೆ ಬಂದರೆ ಮಾತ್ರ ಮಾಡಿದವನಿಗೆ ಕಾಳು. ನಮ್ಮ ಹದ ತಪ್ಪಿದರೆ ಅವನಿಗೂ ನಷ್ಟ. ಈಗ ನಗದು ಮುಂಗಡ ಬಂದು ನಷ್ಟವೆಲ್ಲ ನಮ್ಮ ಕಡೆಗೇ ಬಿತ್ತು. ಆ ಗುಟ್ಟನ್ನಷ್ಟೇ ಮತ್ತೆ ಹಿಡಿಯಬೇಕು.

ಹೀಗೆ ಮಾಡಿ

1. ಸಂಕ್ರಾಂತಿ ಮುಗಿದ ಮೇಲೆ, ಬೇಸಿಗೆಗೆ ಮೊದಲೇ ಹೇಳಿ. ಆಗ ವರ್ಕ್‌ಶಾಪಿನಲ್ಲಿ ಗದ್ದಲ ಕಡಿಮೆ. ತಪ್ಪಿದ್ದರೆ ತಿದ್ದಿಸಲು ಎರಡು ಮೂರು ತಿಂಗಳು ಕೈಯಲ್ಲಿರ್ತದೆ.

2. "ಯಾವಾಗ ಕೊಡ್ತೀರಿ?" ಅಂತ ಕೇಳಬೇಡಿ. "ನನ್ನ ಮುಂದೆ ಎಷ್ಟು ಮಂದಿ ಇದ್ದಾರೆ? ಒಂದಕ್ಕೆ ಎಷ್ಟು ದಿನ?" ಅಂತ ಕೇಳಿ. ದಿನ ನೀವೇ ಲೆಕ್ಕ ಹಾಕಬಹುದು.

3. ಚೀಟಿ ಬರೆಸಿ. ಬಿಳಿ ಹಾಳೆ ಸಾಕು. ತಾಳು ಎಷ್ಟು, ತಾಳಿನ ನಡುವೆ ಅಂಗುಲ ಎಷ್ಟು, ಕಬ್ಬಿಣ ಎಷ್ಟು ಮಿ.ಮೀ. ದಪ್ಪ, ಒಟ್ಟು ದರ, ಕೊಟ್ಟದ್ದು, ಉಳಿದದ್ದು, ಕೊಡುವ ತಾರೀಖು. ಎರಡು ಪ್ರತಿ, ಇಬ್ಬರ ಸಹಿ. ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳಿದರೆ ನೆನಪಿಡಿ, ಗೇಜಿನ ಅಂಕಿ ಹೆಚ್ಚಾದಂತೆ ತಗಡು ತೆಳು. ಮಿ.ಮೀ.ನಲ್ಲೇ ಬರೆಸುವುದು ಒಳ್ಳೇದು.

4. ಅಳತೆಯನ್ನು ಬೆಳೆ ನೋಡಿ ಕೊಡಿ. ಶೇಂಗಾಕ್ಕೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಜೋಳ, ಸಜ್ಜೆಗೆ 45, ಮೆಕ್ಕೆಜೋಳ, ಸೂರ್ಯಕಾಂತಿಗೆ 60. ಮನೆಯ ಎಡೆಕುಂಟೆಯನ್ನೂ ಒಯ್ದು ತೋರಿಸಿ. ಬಾಯಿಮಾತಿಗಿಂತ ಕುಡವೇ ಚೆನ್ನಾಗಿ ಹೇಳ್ತದೆ.

5. ದುಡ್ಡು ಮೂರು ಕಂತು. ಕಬ್ಬಿಣ ತರಲು ಅರ್ಧ. ದಿಂಡಿಗೆ ತಾಳು ಕೂಡಿಸಿದಾಗ ಹೋಗಿ ಟೇಪು ಹಿಡಿದು ಅಳೆದು, ಸರಿ ಇದ್ದರೆ ಕಾಲು ಭಾಗ. ಉಳಿದ ಕಾಲು ಭಾಗ ಹೊಲದಲ್ಲಿ ಒಂದು ಎಕರೆ ಬಿತ್ತಿದ ಮೇಲೆ. ಇದೇ ನಮ್ಮ ಈಗಿನ ಆಯ. ಬಿತ್ತಿ ಸರಿ ಬಂದ ದಿನವೇ ಆ ಕಂತನ್ನು ತಪ್ಪದೆ ಮುಟ್ಟಿಸಬೇಕು. ನಾವು ಸತಾಯಿಸಿದರೆ ಮುಂದಿನ ರೈತನನ್ನು ಅವರು ನಂಬೋದಿಲ್ಲ.

6. ಫೋನ್‌ಪೇಯಲ್ಲಿ ಕೊಟ್ಟರೆ ದಾಖಲೆ ಉಳೀತದೆ. ನಗದು ಕೊಟ್ಟರೆ ಚೀಟಿಯ ಹಿಂದೆ ಸಹಿ ಮಾಡಿಸಿ.

7. ಮನೆಗೆ ತರುವ ಮೊದಲು ಪರೀಕ್ಷೆ ಮಾಡಿ. ನಾಲ್ಕು ತಾಳಿನ ಕೆಳಗೂ ಒಂದೊಂದು ಡಬ್ಬಿ ಇಟ್ಟು, ಬಟ್ಟಲಿಗೆ ಒಂದು ಸೇರು ಬೀಜ ಸುರಿಯಿರಿ. ಡಬ್ಬಿಗಳನ್ನು ತೂಗಿ ನೋಡಿ. ಒಂದರಲ್ಲಿ ತೀರ ಕಡಿಮೆ ಬಿದ್ದರೆ ಆ ಸಾಲು ಹೊಲದಲ್ಲೂ ತೆಳ್ಳಗೇ ಬರ್ತದೆ. ತೂತು ಅಲ್ಲೇ ತಿದ್ದಿಸಿ.

ಆದರೂ ಕೈ ಕೊಟ್ಟರೆ

ಮೊದಲು ಬಿತ್ತನೆ ಮುಗಿಸಿ, ಜಗಳ ಆಮೇಲೆ. ನೆರೆಯವರ ಕೂರಿಗೆ ಕೇಳಿ, ಇಲ್ಲವೆ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ವಿಚಾರಿಸಿ. ಬಾಡಿಗೆಯ ರಸೀದಿ ಇಟ್ಟುಕೊಳ್ಳಿ, ತಡದಿಂದ ಆದ ಖರ್ಚಿಗೆ ಅದು ಪುರಾವೆ.

ಊರ ಹಿರಿಯರ ಮಾತಿಗೂ ಬಗ್ಗದಿದ್ದರೆ ಗ್ರಾಹಕರ ಕಾನೂನು ಇದೆ. 1986ರ ಕಾಯಿದೆಯ ಬದಲಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. "ರೈತ ಲಾಭಕ್ಕೆ ಕೊಳ್ತಾನೆ, ಅವನು ಗ್ರಾಹಕನಲ್ಲ" ಅನ್ನುವ ವಾದ ಹೆದರಿಸಲು ಹೂಡಬಹುದು. ಕಳಪೆ ಬೀಜದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ರೈತರೂ ಗ್ರಾಹಕರೇ ಅಂತ ತೀರ್ಪು ಕೊಟ್ಟಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಸಲಕರಣೆಯನ್ನು ಕಾಯಿದೆ ವ್ಯಾಪಾರ ಅಂತ ಎಣಿಸುವುದಿಲ್ಲ. ನಾವು ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಹೇಳಿಕೊಳ್ಳಬಹುದು. ಎಲ್ಲದಕ್ಕೂ ಬೇಕಾದ್ದು ಆ ಚೀಟಿ.

ಅವರೂ ಉಳಿಯಬೇಕು

ಇಷ್ಟೆಲ್ಲ ಹೇಳಿದ್ದು ಸಣ್ಣ ವರ್ಕ್‌ಶಾಪು ಬಿಟ್ಟು ಕಂಪನಿ ಮಾಲು ತರಲಿ ಅಂತಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರು ರೈತರ ಕಷ್ಟ ನೋಡಿ ಬಿತ್ತುವ ಕೂರಿಗೆ, ಹುಣಸೆ ಬೀಜ ಬಿಡಿಸುವ ಯಂತ್ರ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂಥ ಕೆಲಸ ಹೊಲಕ್ಕೆ ಹತ್ತಿರ ಇರೋರಿಂದಲೇ ಆಗೋದು. ದೂರದ ಕಂಪನಿ ನಮ್ಮ ಎಡೆಕುಂಟೆ ನೋಡಿ ತಾಳು ಕೂಡಿಸೋದಿಲ್ಲ. ಮಳೆಗಾಲದ ನಡುವೆ ತಾಳು ಬಗ್ಗಿದರೆ ಬೆಸುಗೆ ಹಾಕಿಕೊಡೋರೂ ಹತ್ತಿರದ ಮೇಸ್ತ್ರಿಯೇ.

ಅದಕ್ಕೇ ಮುಲಾಜು ಬೇಡ, ಜಗಳವೂ ಬೇಡ. ಮಾತು ಹಾಳೆಯ ಮೇಲಿರಲಿ, ಕೊನೆಯ ಕಂತು ಬಿತ್ತನೆಯ ಹೊಲದಲ್ಲಿ ಸಲ್ಲಲಿ. ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಕಟ್ಟುಪಾಡು ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ.