ಬನಹಟ್ಟಿ ಎಂದು ಒತ್ತಿ ನೋಡಿ

ಕೀಲಿಮಣೆಯ ಮುಂದೆ ಮೊದಲ ಸಲ ಕೂತವರು ಎ, ಬಿ, ಸಿ ಎಲ್ಲಿವೆ ಎಂದು ಸಾಲಾಗಿ ಹುಡುಕಿ ಸೋಲುತ್ತಾರೆ. ಅಕ್ಷರಗಳ ಈ ಕ್ರಮ ಬಂದದ್ದು 1874ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಳಿದ ಶೋಲ್ಸ್–ಗ್ಲಿಡನ್ ಟೈಪ್‌ರೈಟರಿನ ಕಾಲದಿಂದ. ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಬೆರಳಿಗೆ ರೂಢಿಯಾದರೆ ಸಾಕು.

ಎಫ್ ಮತ್ತು ಜೆ ಕೀಲಿಗಳನ್ನು ಸವರಿ. ಎರಡರ ಮೇಲೂ ಸಣ್ಣ ಗೆರೆ ಉಬ್ಬಿದೆ. ಎರಡೂ ಕೈಯ ತೋರುಬೆರಳು ಅಲ್ಲಿರಲಿ, ಉಳಿದ ಬೆರಳು ಅದೇ ಸಾಲಿನಲ್ಲಿ, ಹೆಬ್ಬೆರಳು ಕೆಳಗಿನ ಉದ್ದನೆಯ ಸ್ಪೇಸ್‌ಬಾರ್ ಮೇಲೆ. ಹರಿದ ಎಳೆಯನ್ನು ಬೆರಳ ತುದಿಯಿಂದಲೇ ಹುಡುಕಿ ಗಂಟು ಹಾಕುವ ನೇಕಾರರ ಮನೆಯ ಮಕ್ಕಳಿಗೆ ಈ ಸ್ಪರ್ಶದ ಲೆಕ್ಕ ಬೇಗ ಹಿಡಿಯುತ್ತದೆ.

ಹೆದರಬ್ಯಾಡ್ರಿ, ತಪ್ಪು ಕೀಲಿ ಒತ್ತಿದರೆ ಕಂಪ್ಯೂಟರ್ ಕೆಡೂದಿಲ್ಲ. ಬ್ಯಾಕ್‌ಸ್ಪೇಸ್ ಕರ್ಸರಿನ ಎಡಕ್ಕಿರುವುದನ್ನು ಅಳಿಸುತ್ತದೆ, ಡಿಲೀಟ್ ಬಲಕ್ಕಿರುವುದನ್ನು. ಬರೆದದ್ದೆಲ್ಲ ಅಳಿಸಿಹೋಯಿತೇ? ಕಂಟ್ರೋಲ್ ಹಿಡಿದು ಝಡ್ ಒತ್ತಿ, ತಿರುಗಿ ಬರುತ್ತದೆ. ಎಂಟರ್ ಹೊಸ ಸಾಲಿಗೆ.

ಇನ್ನು ಕನ್ನಡ. ನುಡಿ ತಂತ್ರಾಂಶದಲ್ಲಿರುವ ಕಗಪ ವಿನ್ಯಾಸದ ಹಿಂದೆ ಕೆ.ಪಿ. ರಾವ್ ಅವರ ಚಿಂತನೆಯಿದೆ. ಅದರ ಸೊಗಸು ನಮ್ಮೂರ ಹೆಸರಲ್ಲೇ ಕಾಣುತ್ತದೆ. ಬಿ, ಎನ್, ಹೆಚ್ ಒತ್ತಿದರೆ 'ಬನಹ' ಬಂತು. ವ್ಯಂಜನದೊಳಗೆ ಅಕಾರ ಇದ್ದೇ ಇದೆ, ಬೇರೆ ಒತ್ತುವುದು ಬೇಡ. ಟಕಾರಕ್ಕೆ ಕ್ಯೂ. ಒತ್ತಕ್ಷರ ಬೇಕೆಂದರೆ ನಡುವೆ ಎಫ್: ಕ್ಯೂ, ಎಫ್, ಕ್ಯೂ. ಕೊನೆಗೆ ಐ. ಬನಹಟ್ಟಿ ಏಳೇ ಒತ್ತಿನಲ್ಲಿ ಪೂರ್ತಿ! ರಬಕವಿ ಇನ್ನೂ ಸಲೀಸು: ಆರ್, ಬಿ, ಕೆ, ವಿ, ಐ.

ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಬೇಕು. ಕೆ ಎಂದರೆ ಕ, ಶಿಫ್ಟಿನೊಂದಿಗೆ ಖ. ಸೊನ್ನೆಗೆ ಶಿಫ್ಟ್ ಮತ್ತು ಎಂ, ಡಕಾರಕ್ಕೆ ಡಬ್ಲ್ಯೂ. ಹಾಗಾದರೆ ಜಮಖಂಡಿಯನ್ನು ನೀವೇ ಬರೆಯಬಲ್ಲಿರಿ. ಶಿಫ್ಟ್ ಮೇಲೆ ಬೆರಳು ಉಳಿದುಹೋದರೆ ಮಾತ್ರ 'ಕಮಲ' ಹೋಗಿ 'ಖಂಳ' ಆದೀತು!

ಬೇರೆ ಕಡೆಯ ಕಂಪ್ಯೂಟರಿನಲ್ಲಿ ಇನ್ನೊಂದು ವಿನ್ಯಾಸ ಇದ್ದೀತು. ಸರಕಾರಿ ಮಾನಕವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ ಹಂಚಿಕೆಯಾಗಿವೆ. ಕೂತ ಕೂಡಲೇ ಬಿ ಒತ್ತಿ ನೋಡಿ. 'ಬ' ಮೂಡಿದರೆ ಕಗಪ, 'ವ' ಮೂಡಿದರೆ ಇನ್‌ಸ್ಕ್ರಿಪ್ಟ್.