ಹಳೆಯ ಜಿಪ್ಸಿಗೆ ವಿದ್ಯುತ್ತಿನ ಜೊತೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ನಾಡಿನ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದುದನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. ಗಾಡಿ ಹಳೆಯದು, ಶಕ್ತಿ ಬೇರೆಯದು ಎಂಬ ಉಪಾಯವು ಹೊಸತೇನಲ್ಲ. ಇಂದು ಆ ಒಲೆಯ ಸ್ಥಾನಕ್ಕೆ ಬ್ಯಾಟರಿಯು ಬಂದಿದೆ, ಅಷ್ಟೇ.

ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ನನ್ನ ತಂದೆಯವರು ಹೊಳಲ್ಕೆರೆಯ ಕಡೆ ಅಡಿಕೆ ತೋಟದ ಯಜಮಾನರೊಬ್ಬರಲ್ಲಿ ಹಳೆಯ ಪೆಟ್ರೋಲು ಜಿಪ್ಸಿಯ ಚಾಲಕರು. ಪೆಟ್ರೋಲಿನ ಖರ್ಚು ತಾಳಲಾರದೆ ಯಜಮಾನರು ಗಾಡಿಯನ್ನು ಮಾರುವ ಮಾತೆತ್ತಿದರು. ಗಾಡಿ ಹೋದರೆ ತಂದೆಯವರ ಕೆಲಸವೂ ಹೋಗುತ್ತದೆ. "ಇದಕ್ಕೆ ಬ್ಯಾಟರಿ ಹಾಕಿಸಿದರೆ ಉಳಿತಾಯ ಆಗ್ತದೇನಪ್ಪಾ? ನೀನು ಓದಿದವನು" ಎಂದು ಅವರು ಕೇಳಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಉತ್ತರ ಹುಡುಕದೆ ಗತ್ಯಂತರವಿರಲಿಲ್ಲ.

ಮೊದಲು ಯಂತ್ರದ ವಿಚಾರ. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಸಾಮಾನ್ಯ ರಸ್ತೆಯ ಮೇಲೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ಸಲ್ಲುತ್ತದೆ. ಕೆಸರು, ಮರಳು ಬಂದಾಗ ಸನ್ನೆಕೋಲನ್ನು ಎಳೆದರೆ ಮುಂದಿನ ಚಕ್ರಗಳೂ ಕೂಡಿಕೊಳ್ಳುತ್ತವೆ. ಆದುದರಿಂದ ಮುಂದಿನ ಅಚ್ಚಿಗೆ ಹೋಗುವ ದಂಡವನ್ನು ಬಿಚ್ಚಿ, ಅಲ್ಲಿಗೆ ವಿದ್ಯುತ್ ಮೋಟಾರನ್ನು ಜೋಡಿಸಬಹುದು. ಹಿಂದೆ ಪೆಟ್ರೋಲು, ಮುಂದೆ ವಿದ್ಯುತ್ತು. ಇವೆರಡನ್ನೂ ಕೂಡಿಸುವುದು ರಸ್ತೆಯೇ. ನಷ್ಟವೂ ಉಂಟು: ಬ್ಯಾಟರಿ ಬರಿದಾದೊಡನೆ ನಾಲ್ಕು ಚಕ್ರಗಳ ಬಲವು ಇಲ್ಲವಾಗುತ್ತದೆ.

ಇಳಿಜಾರಿನಲ್ಲಿ ಮೋಟಾರು ತಾನೇ ಜನರೇಟರಾಗಿ ಬ್ಯಾಟರಿಯನ್ನು ತುಂಬುತ್ತದೆಂದು ಹೇಳುವರು. ನಿಜ, ಆದರೆ ಎಷ್ಟು? 1,300 ಕಿಲೋ ತೂಕದ ಗಾಡಿಯು ಜೋಗಿಮಟ್ಟಿಯಿಂದ ಇಳಿಯುತ್ತಿದೆ ಎನ್ನೋಣ. ಪ್ರತಿ 100 ಮೀಟರು ಎತ್ತರಕ್ಕೆ ದೊರೆಯತಕ್ಕ ಶಕ್ತಿಯು ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲು ಮಾತ್ರ. ಅದರಲ್ಲಿಯೂ ಸ್ವಲ್ಪ ಭಾಗ ಸೋರಿಹೋಗುತ್ತದೆ. ಹಿರಿಯೂರಿನ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಹೋಗುವಾಗಲಂತೂ ಈ ಲಾಭವು ಇಲ್ಲವೆಂದೇ ಹೇಳಬೇಕು.

ಇನ್ನು ಅರ್ಥಶಾಸ್ತ್ರದ ಲೆಕ್ಕ. ನಮ್ಮ ಗಾಡಿಯ ಓಟ ದಿನಕ್ಕೆ 20 ಕಿಲೋಮೀಟರು. ಲೀಟರಿಗೆ 10 ಕಿಲೋಮೀಟರಿನಂತೆ 2 ಲೀಟರು ಪೆಟ್ರೋಲು. ಲೀಟರಿಗೆ 100 ರೂಪಾಯಿ, ವರ್ಷಕ್ಕೆ 300 ದಿನ ಎಂದು ಹಿಡಿಯೋಣ. ಹೊರಗಿನಿಂದ ವಿದ್ಯುತ್ತು ತುಂಬಿಸಿಕೊಳ್ಳದ ಬಗೆಯಾದರೆ ಎಲ್ಲ ಶಕ್ತಿಯೂ ಮೂಲತಃ ಪೆಟ್ರೋಲಿನದೇ. ಕಾಲುಭಾಗ ಉಳಿದರೂ ವರ್ಷಕ್ಕೆ 15,000 ರೂಪಾಯಿ. ಜೋಡಣೆಗೆ 2 ಲಕ್ಷ ತಗಲಿದರೆ ಅಸಲು ಹುಟ್ಟಲು 13 ವರ್ಷಗಳು ಬೇಕು. ಮನೆಯ ಪ್ಲಗ್ಗಿನಿಂದ ತುಂಬುವ ಬಗೆಯಾದರೆ ಆ 20 ಕಿಲೋಮೀಟರಿಗೆ ಸುಮಾರು 5 ಯೂನಿಟ್ಟು, ಅಂದರೆ ಸುಮಾರು 40 ರೂಪಾಯಿ. ವರ್ಷಕ್ಕೆ 48,000 ಉಳಿಯುತ್ತದೆ. ಜೋಡಣೆಗೆ 3 ಲಕ್ಷವಾದರೂ ಸುಮಾರು ಆರೂಕಾಲು ವರ್ಷಗಳಲ್ಲಿ ಹಣ ಹಿಂದಿರುಗುತ್ತದೆ. ಹೊಸದುರ್ಗದ ತೆಂಗಿನ ಸಂತೆಗೋ, ದುರ್ಗದ ಆಸ್ಪತ್ರೆಗೋ ದೂರ ಹೋಗುವ ದಿನ ಪೆಟ್ರೋಲು ಇದ್ದೇ ಇದೆ.

ಆದುದರಿಂದ ಕೇಳತಕ್ಕ ಪ್ರಶ್ನೆಯು "ಬ್ಯಾಟರಿ ಹಾಕಿಸಬೇಕೇ?" ಎಂಬುದಲ್ಲ, "ಬ್ಯಾಟರಿಗೆ ಶಕ್ತಿ ಎಲ್ಲಿಂದ?" ಎಂಬುದು. ನಮ್ಮ ದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ನೋಡುವಾಗ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ಅರ್ಥ ಬರುತ್ತದೆ.

ಒಂದು ಎಚ್ಚರಿಕೆ. ಕಂಡ ಗ್ಯಾರೇಜಿನಲ್ಲಿ ಇದನ್ನು ಮಾಡಿಸಲಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ಮನಬಂದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2016ರಲ್ಲಿ ಕೇಂದ್ರ ಸರ್ಕಾರವು ಹೈಬ್ರಿಡ್ ಜೋಡಣೆಗೆ ನಿಯಮಗಳನ್ನು ಮಾಡಿತು. ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಕಿಟ್ಟೇ ಆಗಬೇಕು. ಪುಣೆಯ ಕೆಪಿಐಟಿ ಸಂಸ್ಥೆಯು 2010ರಲ್ಲಿಯೇ ಹಳೆಯ ಕಾರುಗಳಿಗಾಗಿ ರಿವೋಲೋ ಎಂಬ ಜೋಡಣೆಯನ್ನು ತೋರಿಸಿತ್ತು. 2023ರಲ್ಲಿ ನಮ್ಮ ಸೇನೆಯು ದೆಹಲಿಯ ಐಐಟಿಯ ನೆರವಿನಿಂದ ಪೂರ್ಣ ವಿದ್ಯುತ್ತಿನ ಜಿಪ್ಸಿಯನ್ನೇ ಪ್ರದರ್ಶಿಸಿತು. ಕೆಲಸ ಅಸಾಧ್ಯವಲ್ಲವೆಂಬುದಕ್ಕೆ ಇವು ಸಾಕ್ಷಿ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಒಪ್ಪಿಗೆಯುಳ್ಳ ಕಿಟ್ಟು ನಮ್ಮ ಗಾಡಿಗೆ ದೊರೆಯುವುದೇ ಎಂದು ಈಗ ವಿಚಾರಿಸುತ್ತಿದ್ದಾರೆ. ಅದು ತಿಳಿಯುವವರೆಗೆ ಗಾಡಿ ಮಾರುವ ಮಾತು ನಿಂತಿದೆ. ತಂದೆಯವರು ಆ ಹಾಳೆಯನ್ನು ಮಡಿಸಿ, ಗಾಡಿಯ ಕಾಗದಪತ್ರಗಳ ಜೊತೆಯಲ್ಲಿಯೇ ಇಟ್ಟುಕೊಂಡಿದ್ದಾರೆ.